ತಿಳಿನೀಲಿಯೊಳಗಿನ ಹಸಿರು

ಫೆಬ್ರವರಿ 3, ಬೆಳಗ್ಗೆ

ಸಾಣೆ ಚಕ್ರಕ್ಕೆ ನೀರು ಬಿಟ್ಟೆ. ನಿನ್ನೆ ಅರಗಿನಲ್ಲಿ ಕೂರಿಸಿದ್ದ ಕಲ್ಲಿಗೆ ಕೊನೆಯ ಮುಖ ಕೊಟ್ಟೆ. ತಮ್ಮ ಮುಂದಿನ ಕೋಣೆಯಲ್ಲಿ ಶೋಕೇಸ್ ಒರೆಸುತ್ತಿದ್ದ. ಅವನದು ಮಾರಾಟ, ನನ್ನದು ಕೆತ್ತನೆ. ಇಬ್ಬರೂ ಒಬ್ಬರ ಕೋಣೆಗೆ ಇನ್ನೊಬ್ಬರು ಮೂಗು ತೂರಿಸುವುದಿಲ್ಲ. ಅದಕ್ಕೇ ಅಂಗಡಿ ಇನ್ನೂ ಇದೆ.

ದಲ್ಲಾಳಿ ಬಂದ. ನಾವಿಟ್ಟ ಹೆಸರು ಪಿಸುಮಾತು — ಬೆಲೆಯನ್ನೂ ಗುಟ್ಟಿನಂತೆ ಹೇಳುತ್ತಾನೆ. ಒಂದು ಪೊಟ್ಟಣ ಅಕ್ವಾಮರೀನ್, ತಿಳಿನೀಲಿ ಕಲ್ಲು, ಇನ್ನೂ ಕೆತ್ತದ ಹರಳುಗಳು. ಒಂದಂತೂ ಹೆಬ್ಬೆರಳಿನಷ್ಟು ಉದ್ದ, ಒಳಗೆಲ್ಲ ತಿಳಿ. ಮೂಲೆಯಲ್ಲಿ ಮಾತ್ರ ಕೂದಲೆಳೆಯಂಥ ಒಂದು ನೀರಿನ ಗುಳ್ಳೆ. ತುದಿಯಿಂದ ನೋಡಿದರೆ ಹೆಚ್ಚುಕಡಿಮೆ ಬರೀ ನೀರು. ಅಡ್ಡಕ್ಕೆ ತಿರುಗಿಸಿದರೆ ಬಣ್ಣ. ಈ ಕಲ್ಲಿನ ಸೊಗಸೇ ಅದು. ನೀಲಮಣಿಯಂತೆ ಕೂಗಿ ಕರೆಯುವುದಿಲ್ಲ. ಹಿಡಿದು ತಿರುಗಿಸುವ ತಾಳ್ಮೆ ಇದ್ದವರಿಗೆ ಸಿಗುತ್ತದೆ.

ಆದರೆ ಹಸಿರು ಛಾಯೆ. ಇತ್ತೀಚೆಗೆ ಇವನು ತರುವುದೆಲ್ಲ ಹೀಗೇ. ಇರಲಿ, ಕಾಯಿಸಿದರೆ ಹಸಿರು ಹೋಗಿ ನೀಲಿ ಉಳಿಯುತ್ತದೆ.

ಸಂಜೆ

ಒಬ್ಬ ಹೆಂಗಸು ಬಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ನಿವೃತ್ತಿ. ತಮ್ಮ ಆಗಲೇ ಸಿಸ್ಟರ್ ಎಂದು ಕರೆಯತೊಡಗಿದ್ದ. ಕೆಲಸದಲ್ಲಿ ಇರುವಷ್ಟು ಕಾಲ ಬೆರಳಿಗೆ ಏನೂ ಹಾಕುವಂತಿರಲಿಲ್ಲವಂತೆ. ಈಗ ತಮಗೆ ತಾವೇ ಒಂದು ಉಂಗುರ. ಯಾರಾದರೂ ಕೊಡಿಸಲಿ ಅಂತ ಕಾದಿದ್ದು ಸಾಕು ಎಂದು ನಕ್ಕರು. ಉದ್ದನೆಯ ಹರಳನ್ನೇ ಆರಿಸಿದರು. ಕಿಟಕಿಯ ಬಳಿ ಬಹಳ ಹೊತ್ತು ಹಿಡಿದು ನಿಂತರು.

"ಇದೇ ಬಣ್ಣ ಇರ್ಲಿ. ಏನೂ ಮಾಡ್ಬೇಡಿ."

ಹೂಂ ಎಂದೆ. ಗಿರಾಕಿಗಳಿಗೆ ಬಣ್ಣ ಎಲ್ಲಿ ಗೊತ್ತಾಗುತ್ತದೆ.

ಫೆಬ್ರವರಿ 6

ಸಿಸ್ಟರ್ ಆರಿಸಿದ ಹರಳನ್ನು ಕಾಯಿಸಿದೆ. ಹಸಿರು ಹೋಗಲಿಲ್ಲ. ಇನ್ನೊಮ್ಮೆ... ಆಗಲೂ ಹಾಗೇ.

ಪಿಸುಮಾತಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಕಳಪೆ ಮಾಲು ತಂದು ನನ್ನ ತಲೆಗೆ ಕಟ್ಟುತ್ತಿದ್ದೀಯ ಎಂದೆ. ಕಲ್ಲು ಸರಿಯಾಗಿದೆ ಅಕ್ಕಾ, ಹಗಲು ಬೆಳಕಲ್ಲಿ ಒಂದ್ಸಲ ನೋಡಿ ಎಂದ. ನೋಡುವುದನ್ನು ನನಗೆ ಕಲಿಸಬೇಡ ಎಂದು ಫೋನ್ ಇಟ್ಟೆ. ಉದ್ದನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ವಾಪಸ್. ತಮ್ಮನೇ ಪೊಟ್ಟಣ ಕಟ್ಟಿದ. ಕಟ್ಟುವ ಮೊದಲು ಒಂದು ಕಲ್ಲನ್ನು ಕಿಟಕಿಗೆ ಹಿಡಿದು ನೋಡಿದ.

ಫೆಬ್ರವರಿ 7

ಮೂರನೇ ಸಲ. ಉರಿ ಸ್ವಲ್ಪ ಜಾಸ್ತಿ ಇಟ್ಟೆ. ಮೂಲೆಯ ಗುಳ್ಳೆ ಒಡೆದು ಬಿರುಕು ಉದ್ದಕ್ಕೂ ಹರಿದಿದೆ.

ಎರಡು ತುಂಡು. ಎರಡೂ ಹಸಿರು.

ಫೆಬ್ರವರಿ 12

ಸಿಸ್ಟರ್ ಬಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಏನೂ ಮಾಡಬೇಡಿ ಅಂದಿದ್ದೆನಲ್ಲ ಎಂದರು, ಅಷ್ಟೇ. ತುಂಡುಗಳನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದರು.

"ಹಸಿರು ಎಲ್ಲಿದೆ?"

ತೋರಿಸಿದೆ. ಅವರು ಕಲ್ಲು ಬಿಟ್ಟು ನನ್ನನ್ನು ನೋಡಿದರು. ಗಲ್ಲ ಹಿಡಿದು ಮುಖವನ್ನು ಕಿಟಕಿಗೆ ತಿರುಗಿಸಿದರು, ಕೇಳದೆಯೇ. ಕೊನೆಯ ವರ್ಷಗಳೆಲ್ಲ ಕಣ್ಣಿನ ವಾರ್ಡಿನಲ್ಲೇ ಇದ್ದರಂತೆ. ದೀಪದ ಸುತ್ತ ಬಳೆಯ ಹಾಗೆ ಕಾಣುತ್ತದಾ ಎಂದು ಕೇಳಿದರು. ಕಾಣುತ್ತದೆ. ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ.

"ಪೊರೆ ಬಂದ ಹಾಗಿದೆ, ಎರಡು ಕಣ್ಣಿಗೂ. ಹಳದಿ ಗಾಜಿನ ಹಿಂದೆ ಕೂತು ನೋಡ್ತಿದ್ದೀರಿ. ನೀಲಿ ಹೇಗೆ ನೀಲಿಯಾಗಿ ಕಾಣುತ್ತೆ? ಡಾಕ್ಟರಿಗೆ ತೋರಿಸಿ."

ತಮ್ಮ ನೆಲ ನೋಡುತ್ತಿದ್ದ. ಅವರು ಹೋದ ಮೇಲೆ ಕೇಳಿದೆ, ನಿನಗೆ ಗೊತ್ತಿತ್ತಾ. ಹೋದ ವರ್ಷದಿಂದ ಅನುಮಾನವಂತೆ. ನಾನು ಹಸಿರು ಎಂದು ಪಕ್ಕಕ್ಕೆ ಸರಿಸಿದ್ದನ್ನೆಲ್ಲ ಅವನು ಒಳ್ಳೆಯ ಕಲ್ಲುಗಳ ತಟ್ಟೆಯಲ್ಲಿಟ್ಟು ಮಾರಿದ್ದಾನೆ. ಒಬ್ಬರೂ ತಕರಾರು ಮಾಡಿಲ್ಲ.

"ಹೇಳಿದ್ರೆ ನೀನು ಚಕ್ರದ ಮುಂದೆ ಕೂರೋದನ್ನೇ ಬಿಟ್ಬಿಡ್ತಿದ್ದೆ ಅಕ್ಕಾ. ಆಮೇಲೆ ಮನೇಲಿ ಕೂತು ಏನ್ ಮಾಡ್ತಿದ್ದೆ?"

ಕೈ ತೊಳೆದುಕೊಂಡೆ. ಚಕ್ರಕ್ಕೆ ಬಟ್ಟೆ ಹೊದಿಸಿದೆ.

ಫೆಬ್ರವರಿ 13

ಅಂಗಡಿಗೆ ಹೋಗಲಿಲ್ಲ.

ಫೆಬ್ರವರಿ 15

ಇವತ್ತೂ ಹೋಗಲಿಲ್ಲ. ಸಿಟ್ಟು ಅವನ ಮೇಲೋ ಕಣ್ಣಿನ ಮೇಲೋ, ತಿಳಿಯದು. ಮಧ್ಯಾಹ್ನ ಅವನೇ ಊಟದ ಡಬ್ಬಿ ತಂದಿಟ್ಟು, ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ ಎಂದು ಹೇಳಿ ಹೋದ.

ಮಾರ್ಚ್ 3

ನಿನ್ನೆ ಬಲಗಣ್ಣಿನ ಆಪರೇಷನ್ ಆಯಿತು. ಇವತ್ತು ಪಟ್ಟಿ ತೆಗೆದರು. ಹೇಗಿದೆ ಎಂದು ಡಾಕ್ಟರ್ ಕೇಳಿದರು. ಚೆನ್ನಾಗಿದೆ ಎಂದೆ.

ಎಡಗಣ್ಣಿನಲ್ಲಿ ನೋಡಿದರೆ ಗೋಡೆ ಚಹಾ ಚೆಲ್ಲಿದ ಹಾಗೆ. ಬಲಗಣ್ಣಿನಲ್ಲಿ ಬಿಳಿ, ಕಣ್ಣು ಕುಕ್ಕುವಷ್ಟು. ತಮ್ಮನ ಅಂಗಿ ನೀಲಿ. ಯಾವಾಗಲೂ ಬೂದಿ ಬಣ್ಣದ್ದನ್ನೇ ಹಾಕುತ್ತಾನೆ ಎಂದುಕೊಂಡಿದ್ದೆ. ಅವನ ತಲೆ ಇಷ್ಟು ನೆರೆತದ್ದು ಯಾವಾಗ? ಕನ್ನಡಿ ನೋಡಿಕೊಂಡೆ. ಆ ವಿಷಯ ಬೇಡ.

ಸಂಜೆ ಪಿಸುಮಾತಿಗೆ ಫೋನ್. ತಪ್ಪಾಯಿತು ಎಂದೆ.

"ಕೇಳಿಸ್ಲಿಲ್ಲ ಅಕ್ಕಾ. ಸ್ವಲ್ಪ ಜೋರಾಗಿ."

ಜೋರಾಗಿಯೇ ಹೇಳಿದೆ. ಆ ಪೊಟ್ಟಣ ಮಾರನೆಯ ದಿನವೇ ಬೇರೆ ಕಡೆ ಹೋಯಿತಂತೆ. ಕಲ್ಲು ಒಳ್ಳೆಯದಿತ್ತಲ್ಲ ಎಂದ. ಮತ್ತೆ ಬರುತ್ತೀಯಾ ಎಂದು ಕೇಳಿದೆ. ನೋಡೋಣ ಎಂದ.

ಮಾರ್ಚ್ 26

ಹೋದ ವಾರ ಚಕ್ರದ ಮುಂದೆ ಕೂತೆ. ಒಡೆದ ಹರಳಿನ ದೊಡ್ಡ ತುಂಡನ್ನು ಉದ್ದಕ್ಕೇ ಕೆತ್ತಿದೆ, ಮೆಟ್ಟಿಲು ಮೆಟ್ಟಿಲಾಗಿ. ಕಿಟಕಿಯಲ್ಲಿ ತಣ್ಣನೆಯ ನೀಲಿ. ಸಂಜೆ ದೀಪ ಹಾಕಿದಾಗ ಒಳಗಿನಿಂದ ಹೊಳೆಯಿತು. ಇಷ್ಟು ವರ್ಷ ಇದನ್ನೇ ನೋಡಿದ್ದೆ, ನಡುವೆ ಯಾವಾಗ ಬಿಟ್ಟುಹೋಯಿತೋ.

ಇವತ್ತು ಉಂಗುರ ಸಿದ್ಧ. ಸಿಸ್ಟರ್ ಬಂದು ಬೆರಳಿಗೆ ಹಾಕಿಕೊಂಡು ಕೈ ದೂರ ಹಿಡಿದು ನೋಡಿದರು. ಅಂದುಕೊಂಡದ್ದಕ್ಕಿಂತ ಚಿಕ್ಕದು ಎಂದರು. ಹೌದು ಎಂದೆ. ಬಿಚ್ಚಲಿಲ್ಲ. ಹಾಗೇ ಹಾಕಿಕೊಂಡು ಹೋದರು.

ಏಪ್ರಿಲ್ 8, ಮಧ್ಯಾಹ್ನ

ಪಿಸುಮಾತು ಬಂದ. ಹೊಸ ಪೊಟ್ಟಣ. ನನ್ನ ಮುಂದೆ ಬಿಚ್ಚಿಟ್ಟು ಗೋಡೆ ನೋಡುತ್ತ ಕೂತ. ನೀನು ಆರಿಸು ಎಂದು ತಮ್ಮನಿಗೆ ಹೇಳಿದೆ. ಅವನು ಕೈ ಕಟ್ಟಿಕೊಂಡು ನಿಂತ. ನಾನೇ ಆರಿಸಿದೆ. ನೀಲಿ, ನೀಲಿ, ಪೇಲವ, ನೀಲಿ. ಒಂದರ ಹತ್ತಿರ ಕೈ ನಿಂತಿತು. ಎಡಗಣ್ಣು ಮುಚ್ಚಿಕೊಂಡು ನೋಡಿದೆ. ಇದರಲ್ಲಿ ಹಸಿರಿದೆ ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ತಮ್ಮ ಕಲ್ಲನ್ನು ಕಿಟಕಿಗೆ ಒಯ್ದ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.

"ಹೌದಕ್ಕಾ. ಇದೆ."

ಕಾಯಿಸುತ್ತೀಯಾ ಎಂದು ತಮ್ಮ ಕೇಳಿದ. ಬೇಡ ಎಂದೆ. ನಿಜವಾದ ಹಸಿರು ಇಷ್ಟು ತೆಳುವಾಗಿ, ನೀಲಿಯ ಅಡಿಯಲ್ಲಿ ಹೀಗೆ ಇರುವುದನ್ನು ನೋಡಿ ಎಷ್ಟು ವರ್ಷವಾಗಿತ್ತು.