ಬಂದೂಕನ್ನು ಕಡಲಿಗೆ ಬಿಡಿ

ಶಿಮೋನಿ,
ಮಂಗಳವಾರ, ಮಧ್ಯಾಹ್ನದ ನಮಾಜಿನ ನಂತರ

ರಿಜಿಕಿಯ ಅಪ್ಪನಿಗೆ ಸಲಾಮು.

ನಾವೆಲ್ಲ ಸುಖವೆಂದು ಬರೆಯಬೇಕು, ಆದರೆ ಅದಕ್ಕೆಲ್ಲ ಈಗ ಹೊತ್ತಿಲ್ಲ. ನೀವು ಮೀನಿಗೆಂದು ಬಿಡಾರ ಹೂಡಿರುವ ದ್ವೀಪಕ್ಕೆ ಫೋನು ಸಿಗುವುದಿಲ್ಲವಲ್ಲ, ಅಲ್ಲಿಗೆ ಮಂಜುಗಡ್ಡೆ ತರುವ ದೋಣಿಯವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಹರಿದುಹಾಕಿ.

ನೀವು ಊರಿಗೆ ಬರುವ ಶುಕ್ರವಾರವೇ ಮೀನುಗಾರಿಕೆ ಇಲಾಖೆಯವರು ದಡದಲ್ಲಿ ಕಾದಿರುತ್ತಾರೆ. ಒಂದೊಂದು ದೋಣಿಯನ್ನೂ ತಳದವರೆಗೆ ಜಾಲಾಡುತ್ತಾರಂತೆ. ನಿಮ್ಮ ಹತ್ತಿರ ನೀರಲ್ಲಿ ಮುಳುಗಿ ಮೀನಿಗೆ ಈಟಿ ಹಾರಿಸುವ ಬಂದೂಕು ಇರುವುದು ಅವರಿಗೆ ಗೊತ್ತಾಗಿದೆ. ಯಾರು ಹೇಳಿದರೋ, ಆ ದೇವರಿಗೇ ಗೊತ್ತು.

ದಡದ ಮೀನುಗಾರರ ಸಮಿತಿಯ ಉಬ್ವಾ ಅಜ್ಜನ ಹತ್ತಿರ ಓಡಿದೆ. "ಅಜ್ಜಾ, ಅದರಲ್ಲಿ ಮೀನು ಹೊಡೆದಿದ್ದನ್ನ ಯಾರೂ ನೋಡಿಲ್ವಲ್ಲ" ಅಂದೆ. ಆತ ಹಣೆ ಚಚ್ಚಿಕೊಂಡ. "ಅಯ್ಯೋ ಹುಚ್ಚಿ, ಹೊಡೆಯೋದೇನು ಬಂತು? ಇಟ್ಕೊಂಡಿದ್ರೇ ತಪ್ಪು ಕಣೇ! ದೋಣೀಲಿ ಸಿಕ್ರೂ ಅಷ್ಟೇ, ಅಟ್ಟದ ಮೇಲೆ ಸಿಕ್ರೂ ಅಷ್ಟೇ. ದೋಣೀನೂ ಎಳ್ಕೊಂಡು ಹೋಗ್ತಾರೆ, ನಿನ್ನ ಗಂಡನ್ನೂ ಒಳಗೆ ಹಾಕ್ತಾರೆ."

ಆದ್ದರಿಂದ ನಿಮ್ಮ ಕಾಲಿಗೆ ಬೀಳುತ್ತೇನೆ, ಹೊರಡುವಾಗ ಅದನ್ನು ಆಳ ಇರುವಲ್ಲಿ ಕಡಲಿಗೆ ಬಿಡಿ. ಈಟಿಯ ಕಬ್ಬಿಣದ ಸರಳುಗಳನ್ನೂ ಅದನ್ನು ಚಿಮ್ಮಿಸುವ ಟ್ಯೂಬಿನ ರಬ್ಬರನ್ನೂ ಜೊತೆಗೇ ಬಿಡಿ. ಬಿಡಾರದ ಮರಳಿನಲ್ಲಿ ಹೂತಿಡುವ ಜಾಣತನ ಬೇಡ. ನಿಮ್ಮ ಕೈಯಾರೆ ಕೆತ್ತಿದ ಮರ, ಹೊಟ್ಟೆ ಉರಿಯುತ್ತದೆ, ಬಲ್ಲೆ. ಉರಿಯಲಿ.

ಮನೆಯಲ್ಲಿ ಉಳಿದಿದ್ದ ಎರಡು ಸರಳನ್ನು ಬೆಳಿಗ್ಗೆಯೇ ನೀರಿಗೆಸೆದು ಬಂದೆ. ಮೀನು ಹಿಡಿಯುವ ನಿಮ್ಮ ಹಳೆಯ ಬುಟ್ಟಿ, ಆ ಕೂಳಿಗಳನ್ನು ಅಟ್ಟದಿಂದ ಇಳಿಸಿ, ಹರಿದ ಕಡೆ ಹೆಣೆಯುತ್ತಿದ್ದೇನೆ. ಪಕ್ಕದ ಮನೆಯ ಜೋಖಾ ನೋಡಿ, "ಏನಮ್ಮಾ, ಮೀನಿಗಾ, ಗಂಡನಿಗಾ ಈ ಬೋನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೂಳಿಗೆ ಬಿದ್ದಷ್ಟು ಮೀನು ಸಾಕು ನಮಗೆ. ಗೆಣಸು ಬೇಯಿಸಿಕೊಂಡು ತಿಂದರಾಯಿತು.

ರಿಜಿಕಿ ದಿನಾ ದಡಕ್ಕೆ ಹೋಗಿ ಹಾಯಿ ಎಣಿಸುತ್ತಾಳೆ. ಶುಕ್ರವಾರ ಅವಳನ್ನು ಮನೆಯಲ್ಲೇ ಕೂಡಿಹಾಕುತ್ತೇನೆ. ಅಪ್ಪನ ಕೈಗೆ ಬೇಡಿ ಹಾಕುವುದನ್ನು ಆ ಕೂಸು ನೋಡಬಾರದು.

ಜೀವ ಕೈಯಲ್ಲಿ ಹಿಡಿದು ಕಾಯುತ್ತಿರುವ,
ನಿಮ್ಮ ಮ್ವಾನಾಕೊಂಬೊ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಇಲಾಖೆಯವರಿಗೆ ಹೇಳಿದವಳು ನಾನೇ. ಹೋದ ಸಲ ಮುಳುಗಿ ಬಂದಾಗ ನಿಮ್ಮ ಕಿವಿಯಿಂದ ರಕ್ತ ಸೋರಿ ದಿಂಬೆಲ್ಲ ನೆನೆದಿತ್ತು. ಒಂದು ದಿನ ನೀವು ಮೇಲೆ ಬರುವುದೇ ಇಲ್ಲ ಅನ್ನಿಸಿತು. ಬಂದೂಕು ಕಿತ್ತುಕೊಂಡು, ನಾಲ್ಕು ಮಾತು ಬೈದು ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಕಾನೂನು ನಿಮ್ಮನ್ನೇ ಹಿಡಿಯುತ್ತದೆಂದು ಈ ಪೆದ್ದಿಗೆ ಏನು ಗೊತ್ತು? ಹೊಡೆಯುವಷ್ಟು ಸಿಟ್ಟು ಬಂದರೂ ಬರಲಿ, ಬರಿಗೈಯಲ್ಲಿ ಮನೆಗೆ ಬನ್ನಿ.