ಹೊಲಿಗೆಗೆ ಬಿಟ್ಟ ಅಂಚು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಫೋನಿನಲ್ಲಿ ಕೇಳಿದಾಗಲೆಲ್ಲ ‘ಚೆನ್ನಾಗಿದೀನಮ್ಮ’ ಅನ್ನುತ್ತೀಯ, ಅದರ ಬೆನ್ನಿಗೇ ಒಂದು ಕೆಮ್ಮು ಬರುತ್ತದೆ. ನಾನು ಕೆಮ್ಮನ್ನು ನಂಬುತ್ತೇನೆ, ನಿನ್ನನ್ನಲ್ಲ. ಕಾರ್ಖಾನೆಯಲ್ಲಿ ಬಟ್ಟೆಯ ಧೂಳು ಒಳಗೆ ಹೋಗದಂತೆ ಮೂಗಿಗೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ, ನಿಜ ಬರಿ. ಕಟಿಂಗ್ ಮಾಸ್ಟರ್ ಅಂದರೆ ದಿನವಿಡೀ ನಿಂತೇ ಇರಬೇಕು, ಸಂಜೆಗೆ ಕಾಲು ಊದುತ್ತದೆಯೇ? ನನ್ನ ಮಂಡಿ ಇದ್ದ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಣ್ಣ, ಅತ್ತಿಗೆ ಆರಾಮ. ಅವರ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ, ನೀನೂ ಹಾಗೇ ಇದ್ದೆ. ಇಷ್ಟು ಹೇಳುವುದಕ್ಕೆ ಕಾಗದ ಯಾಕೆ ಅಂತ ನೀನು ಕೇಳುತ್ತೀಯ. ಫೋನು ಇರುವುದು ಅಣ್ಣನದು, ಮಾತಾಡುವುದು ನಡುಮನೆಯಲ್ಲಿ. ಈ ವಿಷಯ ನಡುಮನೆಯದಲ್ಲ.

ವಿಷಯ ನಿಮ್ಮಪ್ಪನದು. ನೀನು ಹೋದ ಮೇಲೆ ಅವರು ಹೊಲಿಗೆ ಅಂಗಡಿಯ ಬಾಗಿಲು ಹಾಕಿದ್ದು ನಿನಗೆ ಗೊತ್ತು. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುಖ ಗಂಟು ಹಾಕಿಕೊಂಡು ಕೂತವರು, ಈಗ ಕೆಲವು ತಿಂಗಳಿಂದ ಬೆಳಿಗ್ಗೆ ಎದ್ದು ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಾರೆ. ಎಲ್ಲಿಗೆ ಅಂದರೆ ರಸ್ತೆ ತಿರುವಿನ ಫೋಟೋ ಸ್ಟುಡಿಯೋಗೆ. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿಯುತ್ತಾರಂತೆ. ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನಿರುತ್ತಿದ್ದೆ, ಆದರೆ ಕಲಿಸುವವಳು ಒಬ್ಬ ಹೆಂಗಸು. ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಸಿಕ್ಕಿಸಿಕೊಳ್ಳುವವಳು. ಅಂಥವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಅನುಮಾನ ಬರುವುದಕ್ಕೆ ಅದೊಂದೇ ಕಾರಣವಲ್ಲ. ಬೀರುವಿನಲ್ಲಿದ್ದ ಆಲ್ಬಮ್ಮಿನಿಂದ ಫೋಟೋಗಳು ಕಾಣೆಯಾಗತೊಡಗಿದವು. ಅತ್ತಿಗೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತಿರುವಾಗ ನಾನು ಚಹಾ ಹಿಡಿದು ಒಳಗೆ ಹೋದರೆ ಸಾಕು, ಪರದೆ ಕಪ್ಪಾಗುತ್ತಿತ್ತು. ಏನ್ರೀ ಅದು ಅಂದರೆ ಹೂವಿನ ಚಿತ್ರ ಅನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಂದು ಸಲ ಕೇಳಿದ್ದಕ್ಕೆ ಎರಡು ಸಲ ಹೂವು ಅಂದರು. ಇನ್ನೊಂದು ಕೇಳು. ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿದೆವು. ನಿಮ್ಮಪ್ಪ ನನ್ನಿಂದ ಒಂದು ಮಾರು ದೂರ ನಿಂತರು. ಹತ್ತಿರ ಬನ್ನಿ ಅಂತ ಅಣ್ಣ ಕರೆದ, ಅತ್ತಿಗೆ ಕರೆದಳು, ಈ ಮನುಷ್ಯ ಜಗ್ಗಲಿಲ್ಲ. ಅಣ್ಣನ ಹೊಸ ಅಂಗಡಿಯ ಮುಂದೆ ತೆಗೆಸಿದಾಗಲೂ ಅಷ್ಟೇ. ಇಷ್ಟು ವರ್ಷ ಸಂಸಾರ ಮಾಡಿದವಳ ಪಕ್ಕ ನಿಲ್ಲುವುದಕ್ಕೆ ಏನು ಬಂತು ಇವರಿಗೆ ಅಂತ ನನ್ನ ಹೊಟ್ಟೆ ಉರಿಯಿತು. ನನ್ನನ್ನು ಕತ್ತರಿಸಿ ತೆಗೆಯುವುದು ಸುಲಭವಾಗಲಿ ಅಂತಲೇ ದೂರ ನಿಲ್ಲುತ್ತಾರೆ ಅಂತ ತೀರ್ಮಾನಿಸಿಬಿಟ್ಟೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜಗಳವಾಡದೆ ನಾನೂ ಸ್ಟುಡಿಯೋಗೆ ಹೋಗಿ, ನನಗೂ ಕಲಿಸಮ್ಮ ಅಂತ ಅವರ ಪಕ್ಕದ ಕಂಪ್ಯೂಟರಿನ ಮುಂದೆಯೇ ಕೂತೆ. ನಿಮ್ಮಪ್ಪನ ಮುಖ ನೋಡಬೇಕಿತ್ತು.

ಕಲಿಯುವುದು ಸುಲಭವಲ್ಲ ಪುಟ್ಟೀ. ಮೊದಲ ದಿನ ಆ ಬಾಣದ ಗುರುತು ನಾನು ಎಡಕ್ಕೆ ಅಂದರೆ ಬಲಕ್ಕೆ ಓಡಿತು. ಒಂದು ಮುಖದ ಮೇಲಿನ ಮಚ್ಚೆ ತೆಗೆಯಿರಿ ಅಂದಳು, ನಾನು ಮೂಗನ್ನೇ ತೆಗೆದೆ. ಗಾಬರಿಯಾಗಬೇಡಿ ಅಂತ ಎರಡು ಕೀಲಿ ಒಟ್ಟಿಗೆ ಒತ್ತಿಸಿದಳು, ಮೂಗು ವಾಪಸ್ಸು ಬಂತು. ಏನೇ ಹಾಳು ಮಾಡಿದರೂ ಹಾಗೆ ಒತ್ತಿದರೆ ಮೊದಲಿನಂತಾಗುತ್ತದಂತೆ. ಬದುಕಿನಲ್ಲಿ ಹಾಗೆಲ್ಲ ಆಗುವುದುಂಟೇ, ಆಗಲೇ ನನಗೆ ಈ ವಿದ್ಯೆಯ ಮೇಲೆ ನಂಬಿಕೆ ಹೋಯಿತು. ಆಮೇಲೆ ಪದರಗಳ ಪಾಠ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ, ಕೆಳಗಿನದರಲ್ಲಿ ಮನೆ, ಮೇಲಿನದರಲ್ಲಿ ಮನುಷ್ಯ. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಆ ಪದರ ಮಾಯ, ಮತ್ತೆ ಒತ್ತಿದರೆ ಹಾಜರು. ನಾನು ಇದೆಲ್ಲ ಕಲಿತದ್ದು ಒಂದು ಕಿವಿಯಲ್ಲಿ. ಇನ್ನೊಂದು ಕಿವಿ ಪಕ್ಕದಲ್ಲೇ ಇತ್ತು. ಅಲ್ಲಿ ದಿನಾ ಒಂದೇ ತಕರಾರು. ‘ಗೆರೆ ಮೇಲೇ ಕತ್ತರಿಸಿ ಅಂಕಲ್, ಸುತ್ತ ಯಾಕೆ ಅಷ್ಟು ಅಂಚು ಬಿಡ್ತೀರ?’ ಅಂತ ಅವಳು. ‘ಅಂಚು ಬಿಡದೆ ಹೊಲಿಯೋದು ಹೇಗಮ್ಮ?’ ಅಂತ ಇವರು. ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಪಾಪ, ಅವಳ ವಿಷಯದಲ್ಲಿ ನನ್ನ ಅನುಮಾನ ಸುಳ್ಳು. ಆದರೂ ಕನ್ನಡಕ ತಲೆಯ ಮೇಲಿರುವುದು ನನಗೆ ಸರಿಬರುವುದಿಲ್ಲ.

ನಿನ್ನೆ ಇವರು ಚಹಾಕ್ಕೆ ಅಂತ ಎದುರಿನ ಅಂಗಡಿಗೆ ಹೋದರು. ಯಾವತ್ತೂ ಪರದೆ ಕಪ್ಪು ಮಾಡಿಯೇ ಏಳುವವರು, ನಿನ್ನೆ ಹಾಗೇ ಬಿಟ್ಟು ಹೋದರು. ನಾನು ಕುರ್ಚಿ ಜರುಗಿಸಿಕೊಂಡು ನೋಡಿದೆ. ಮಗುವಿನ ಹುಟ್ಟುಹಬ್ಬದ ಫೋಟೋ. ನನಗೂ ಇವರಿಗೂ ನಡುವಿನ ಆ ಜಾಗದಲ್ಲಿ ನೀನು ನಿಂತಿದ್ದೆ.

ನನಗೆ ಅರ್ಥವಾಗಲಿಲ್ಲ ಮಗಳೇ. ನೀನು ಬಂದಿದ್ದೆಯೇ, ನನಗೆ ಮಾತ್ರ ಮರೆತುಹೋಯಿತೇ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಆಮೇಲೆ ನೋಡಿದೆ, ನಿನ್ನ ಸುತ್ತ ಅರ್ಧ ಬೆರಳಿನಷ್ಟು ಬಿಳಿ ಅಂಚಿತ್ತು. ಆ ಕಣ್ಣಿನ ಚಿತ್ರ ಒತ್ತಿದೆ, ನೀನು ಹೋದೆ. ಮತ್ತೆ ಒತ್ತಿದೆ, ಬಂದೆ. ಎಷ್ಟು ಹೊತ್ತು ಹಾಗೆ ಒತ್ತುತ್ತಾ ಕೂತಿದ್ದೆನೋ. ಅಣ್ಣನ ಅಂಗಡಿಯ ಮುಂದೆಯೂ ನೀನಿದ್ದೆ. ನೀನು ಹೋದ ಮೇಲೆ ತೆಗೆದ ಒಂದು ಫೋಟೋವನ್ನೂ ಇವರು ಬಿಟ್ಟಿಲ್ಲ. ಎಲ್ಲದರಲ್ಲೂ ಅದೇ ನಗು, ಅದೇ ಹಸಿರು ಅಂಗಿ, ಕೊರಳಲ್ಲಿ ಅದೇ ಅಳತೆ ಟೇಪು. ನೀನು ಮೊದಲ ಕೋಟು ಹೊಲಿದ ದಿನ ಅಂಗಡಿಯಲ್ಲಿ ತೆಗೆದದ್ದು ಅದು. ಇವರ ಹತ್ತಿರ ಇರುವ ಒಳ್ಳೆಯ ಫೋಟೋ ಅದೊಂದೇ. ಹುಟ್ಟುಹಬ್ಬಕ್ಕೂ ಟೇಪು ಹಾಕಿಕೊಂಡು ಬಂದ ಅತ್ತೆ ಅಂತ ಮಗು ನಾಳೆ ನಗುತ್ತದೆ.

ನೀನು ಮನೆ ಬಿಟ್ಟ ದಿನದ ಮಾತು ಎತ್ತಬಾರದು ಅಂತಿದ್ದೆ, ಎತ್ತುತ್ತೇನೆ. ಗಿರಾಕಿಯ ಕೋಟಿನ ತೋಳು ಗಿಡ್ಡವಾದದ್ದು ನಿಜ, ಅಪ್ಪನಿಗೆ ಟೇಪಿನ ಅಂಕಿ ಕಾಣುತ್ತಿರಲಿಲ್ಲ ಅನ್ನುವುದೂ ನಿಜ. ‘ನಿಮಗೆ ಕಣ್ಣು ಕಾಣ್ತಿಲ್ಲ, ಕತ್ತರಿ ನಂಗೆ ಕೊಡಿ’ ಅಂತ ನೀನು ಹೇಳಿದ್ದು ಸರಿ, ನಾಲ್ಕು ಜನರ ಮುಂದೆ ಹೇಳಿದ್ದು ಸರಿಯಲ್ಲ. ನನ್ನೆದುರು ನಿಲ್ಲಬೇಡ ಅಂತ ಅವರು ಅಂದರು. ನೀನೂ ಅವರ ಮಗಳೇ, ಮಾತು ಅಂದರೆ ಮಾತು. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಹೆಸರೆತ್ತದ ಮನುಷ್ಯ, ನಿನ್ನ ಕೂದಲಿನ ಒಂದೊಂದು ಎಳೆಯನ್ನೂ ದೊಡ್ಡದು ಮಾಡಿ, ಪರದೆಗೆ ಮೂಗು ತಾಗಿಸಿಕೊಂಡು ಬಿಡಿಸುತ್ತಾ ಕೂತಿದ್ದಾರೆ. ನನಗೆ ಅಳು ಬಂತು. ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲವಲ್ಲ ಅಂತ ಸಿಟ್ಟೂ ಬಂತು.

ನಾನು ನೋಡಿದೆ ಅಂತ ಅವರಿಗೆ ಹೇಳಿಲ್ಲ. ನೀನೂ ಗೊತ್ತಿದ್ದಂತೆ ತೋರಿಸಿಕೊಳ್ಳಬೇಡ. ನಿನ್ನ ಈಗಿನ ಒಂದು ಫೋಟೋ ಗುಟ್ಟಾಗಿ ನನಗೆ ಕಳಿಸು, ಆಲ್ಬಮ್ಮಿನಲ್ಲಿ ಸೇರಿಸಿಡುತ್ತೇನೆ, ಅವರೇ ಕದಿಯಲಿ. ಕೆನ್ನೆ ತುಂಬಿಸಿ ತಿದ್ದಿದ ಫೋಟೋ ಕಳಿಸಬೇಡ, ಈಗ ನನಗೆ ಗೊತ್ತಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕೆಮ್ಮಿಗೆ ಔಷಧಿ ತೆಗೆದುಕೋ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಒಳಗೆ ಬಂದರು, ಆದ್ದರಿಂದ ಮತ್ತೆ ಬಿಚ್ಚಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲಿನ ವಿಳಾಸ ಓದಿದರು. ನಿನ್ನೆ ಪರದೆ ತೆರೆದಿಟ್ಟು ಹೋದದ್ದು ಬೇಕಂತಲೇ ಅಂತ ನನಗೀಗ ಅನುಮಾನ. ಫೋಟೋ ಕಳಿಸಬೇಡ. ಬಾಗಿಲ ಕಡೆಗೆ ತಿರುಗಿ ನಿಂತು ಅವರು ಹೇಳಿದ್ದು ಇಷ್ಟು: ‘ಎಷ್ಟು ಮಾಡಿದ್ರೂ ಅವಳ ಕಾಲ ಕೆಳಗೆ ನೆರಳು ಸರಿಯಾಗಿ ಬೀಳ್ತಿಲ್ಲ. ಅವಳೇ ಬಂದು ನಿಂತ್ರೆ ತಾನಾಗೇ ಬೀಳುತ್ತೆ, ಬರಿ.’ ಹಾಗೇ ಬರೆದಿದ್ದೇನೆ ಪುಟ್ಟೀ, ಒಂದಕ್ಷರವನ್ನೂ ತಿದ್ದಿಲ್ಲ.