ತಡಸಲು ಮರದ ತೋಳುಗಳು

೧೧ ಜನವರಿ ೧೯೭೬, ಭಾನುವಾರ. ಸಾಂತಾಕ್ರೂಜ್.

ಬಿಲ್ಲಿನ ಕೆಳಗಿನ ತೋಳು ಇನ್ನೂ ಬಿಗಿಯಾಗಿದೆ. ಊಟದ ಹೊತ್ತಿನವರೆಗೂ ಬಾಲ್ಕನಿಯಲ್ಲಿ ಕುಳಿತು ಗಾಜಿನ ಚೂರಿನಿಂದ ಕೆರೆದೆ. ಅವಸರ ಸಲ್ಲದು — ತೆಗೆದ ಮರವನ್ನು ಮರಳಿ ಅಂಟಿಸಲಾಗದು.

ತಮ್ಮ ಹಣಮಂತನ ಬಿಲ್ಲು ಮೂರು ತುಂಡಿನದು. ನಡುವೆ ಹಿಡಿಕೆ, ಮೇಲೊಂದು, ಕೆಳಗೊಂದು ತೋಳು. ಬೋಲ್ಟ್ ಬಿಚ್ಚಿದರೆ ಚೀಲದಲ್ಲಿ ಅಡಗುತ್ತದೆ, ಲೋಕಲ್‌ನಲ್ಲಿ ಯಾರನ್ನೂ ತಿವಿಯದು. ತೋಳಿಗೆ ಇಂಗ್ಲಿಷಿನಲ್ಲಿ ಲಿಂಬ್; ಅವನ ಬಾಯಲ್ಲಿ ಅದು ‘ಲಿಂಬು’. ಲಿಂಬು ಬೇಕಾದರೆ ಮಾರ್ಕೆಟಿಗೆ ಹೋಗು ಎಂದೆ. ವಿಲಾಯತಿ ತೋಳುಗಳು ಕಳೆದ ಮಳೆಗಾಲದಲ್ಲಿ ಪದರ ಬಿಟ್ಟವು. ಅಂಥವನ್ನು ಮತ್ತೆ ತರಿಸುವುದು ನಮ್ಮ ಅಳವಲ್ಲ. ಆದ್ದರಿಂದ ಈ ಸಲ ಅಪ್ಪಟ ಮರದವು. ನಾನು ಬಡಿಗೇರ ಮನೆಯ ಮಗಳು, ಶಾಲೆಯಲ್ಲಿ ಕನ್ನಡದೊಡನೆ ಮರಗೆಲಸವನ್ನೂ ಕಲಿಸಿದವಳು. ಬೇರೆ ಯಾರನ್ನು ಕೇಳಬೇಕು?

ಮರ ಕೊಟ್ಟವರು ಚಾಂದಸಾಬರು. ಭಾಯಖಳಾದಲ್ಲಿ ವಿಕ್ಟೋರಿಯಾ ಕುದುರೆಗಾಡಿಗಳ ರಿಪೇರಿ, ನಮ್ಮ ವಿಜಾಪುರದವರೇ. ಹಳೆಯ ಗಾಡಿಯ ಮೂಕಿಯೊಂದನ್ನು, ಎಂದರೆ ಕುದುರೆ ಕಟ್ಟುವ ಉದ್ದ ಮರವನ್ನು, ಸೀಳಿಸಿ ಕೊಟ್ಟರು. ಅವರ ಬಾಯಲ್ಲಿ ಧಾಮಣ; ಕನ್ನಡದಲ್ಲಿ ತಡಸಲು. ಚೆನ್ನಾಗಿ ಬಾಗುವ ಮರ.

೧೮ ಜನವರಿ, ಭಾನುವಾರ

ಶಾಲೆಯವರು ಬಿಸಾಡಲಿದ್ದ ಕಪ್ಪುಹಲಗೆಯ ಮುಂದೆ ಬಿಲ್ಲನ್ನು ತೂಗುಹಾಕಿದೆ. ಹೆದೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಕೆಳಗೆಳೆದು, ತೋಳುಗಳ ಬಾಗನ್ನು ಸೀಮೆಸುಣ್ಣದಿಂದ ಗುರುತಿಸಿದೆ. ಎರಡೂ ಸಮ. ಪೂರ್ತಿ ಎಳೆಯಲು ನಲವತ್ತು ಪೌಂಡು ಬಲ ಬೇಕು. ಅವನು ಕೇಳಿದ್ದೂ ಅಷ್ಟೇ. ಹೆಮ್ಮೆಯೆನಿಸಿತು.

ಹಣಮಂತ ಎಳೆದ. ಪೂರ್ತಿ ಎಳೆದರೆ ಗಲ್ಲ ಮುಟ್ಟಬೇಕಾದ ಹೆದೆಯನ್ನು ಅದಕ್ಕೆ ಮೊದಲೇ ಮೆಲ್ಲಗೆ ಹಿಂದಕ್ಕೆ ಬಿಟ್ಟ. ಹೆದೆ ಒರಟು ಎಂದ. ಮೇಣ ಹಚ್ಚಿಕೊಟ್ಟೆ. ಕೈ ಬೆವರಿದೆ ಎಂದ. ಆಮೇಲೆ, ಮೊದಲು ಚಹಾ ಆಗಲಿ ಎಂದ...

೧೯ ಜನವರಿ, ಸೋಮವಾರ

ಅವನು ವರ್ಕ್‌ಶಾಪಿಗೆ ಹೋದ ಮೇಲೆ ಅವನ ಹೆಂಡತಿ ಭಾಗವ್ವನನ್ನು, ಅವನೇಕೆ ಪೂರ್ತಿ ಎಳೆಯುತ್ತಿಲ್ಲ ಎಂದು ಕೇಳಿದೆ. ಗಂಡನನ್ನು ಬಿಟ್ಟುಕೊಡುವವಳಲ್ಲ. ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಬದಿಗಿಟ್ಟಳು. ಕೊನೆಗೆ —

“ಅಂಗಿ ನಾನ ತೊಡಸ್ತೀನ್ರಿ ಅಕ್ಕಾರ. ಕೈ ಮ್ಯಾಲ ಏಳಂಗಿಲ್ಲ. ನಾ ಹೇಳೀನಿ ಅನಬ್ಯಾಡ್ರಿ.”

ದಸರೆಯಲ್ಲಿ ದಾದರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದಾಗ ಪೆಟ್ಟಾದ ಬಲ ಹೆಗಲು. ಆರಾಮಾಗಿದೆ ಎಂದೇ ಹೇಳುತ್ತ ಬಂದಿದ್ದಾನೆ. ಮುಂದಿನ ತಿಂಗಳು ಪವಾಯಿಯಲ್ಲಿ ವರ್ಕ್‌ಶಾಪ್ ಬಿಲ್ಲುಗಾರರ ತಂಡದ ಆಯ್ಕೆ. ಆಗದಿದ್ದರೆ ಅವನ ಜಾಗ ಜೊತೆಗಾರ ಅಣವೀರಪ್ಪನಿಗೆ. ವಾರವೆಲ್ಲ ಭಾನುವಾರದ ಬಿಲ್ಲಾಟಕ್ಕಾಗಿ ಬದುಕುವವನು. ಅದೂ ಹೋದರೆ...

೨೦ ಜನವರಿ, ಮಂಗಳವಾರ

ಸೇವೆಯಲ್ಲಿದ್ದಷ್ಟು ದಿನ ಒಬ್ಬರಿಗೂ ಕೃಪಾಂಕ ಕೊಟ್ಟವಳಲ್ಲ. ಇನ್‌ಸ್ಪೆಕ್ಟರರ ಮಗಳಿಗೂ ಕೊಡಲಿಲ್ಲ.

ಇಂದು ಎರಡೂ ತೋಳುಗಳನ್ನು ಕೆರೆದೆ. ಭಾಗವ್ವ ಹೊಟ್ಟು ಗುಡಿಸಿದಳು. ತೋಳು ತೆಳುವಾದಷ್ಟೂ ಎಳೆತ ಹಗುರ: ಈಗ ಮೂವತ್ತು ಪೌಂಡು.

೨೫ ಜನವರಿ, ಭಾನುವಾರ

ಎಳೆದ. ಗಲ್ಲ ಮುಟ್ಟಿತು. ಹೆಗಲು ಮರಳಿ ಬಂತು ಎಂದು ಮನೆ ತುಂಬ ಓಡಾಡಿದ. ನಲವತ್ತೇ ತಾನೆ ಎಂದು ಕೇಳಿದ. ಹೌದು ಎಂದೆ. ಟೆರೇಸಿನ ಮೇಲೆ ಗೋಣಿಚೀಲ ಕಟ್ಟಿ, ಹತ್ತಿರದಿಂದ ಪ್ರಾಕ್ಟೀಸ್ ಮಾಡುತ್ತಿದ್ದಾನೆ. ಸುಳ್ಳಿಗೆ ನಾಚಬೇಕಿತ್ತು. ನಾಚಿಕೆಯಾಗಲಿಲ್ಲ.

೮ ಫೆಬ್ರವರಿ, ಭಾನುವಾರ, ಸಂಜೆ

ಪವಾಯಿಯಿಂದ ಬಂದವನೇ ಚೀಲವನ್ನು ಮಂಚದ ಕೆಳಗೆ ತಳ್ಳಿದ. ಹತ್ತಿರದ ಗುರಿಗೆ ಬಾಣಗಳು ಸರಿಯಾಗಿ ಬಿದ್ದವಂತೆ. ದೂರದ ಗುರಿಗೆ ಒಂದೂ ತಲುಪಲಿಲ್ಲ. ಎಲ್ಲ ಹುಲ್ಲಿನ ಪಾಲು. ಅಣವೀರಪ್ಪ ಎಲ್ಲರೆದುರು ಕೇಳಿದನಂತೆ: “ಏನಪಾ, ನಿಮ್ಮಕ್ಕಾರು ಹತ್ತಿ ಹಿಂಜೂ ಕಮಾನ ಮಾಡಿ ಕೊಟ್ಟಾರೇನು?”

ಇದೇ ಇಪ್ಪತ್ತೊಂಬತ್ತನೇ ತಾರೀಕು ಇನ್ನೊಂದೇ ಅವಕಾಶ.

ಮರ ಸೋತಿದೆ ಎಂದ ಹಣಮಂತ. ನನ್ನ ಕೆಲಸ ಕೆಟ್ಟಿತೆಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದಂತೆಯೇ ಆಯಿತು. ನನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಎದ್ದು ಒಳಗೆ ಹೋದೆ.

೧೫ ಫೆಬ್ರವರಿ, ಭಾನುವಾರ

ಚಾಂದಸಾಬರು ಬಂದರು. ಹೆಗಲ ಮೇಲೆ ಇನ್ನೊಂದು ಮೂಕಿ. ಹುಳುಕು ಮರ ಕೊಟ್ಟಿರೆಂದು ಹಣಮಂತ ಅವರ ಅಂಗಡಿಗೇ ಹೋಗಿ ಅಂದುಬಂದಿದ್ದನಂತೆ. ಕುರ್ಚಿ ಕೊಟ್ಟರೆ ಕೂಡಲೊಲ್ಲರು.

“ಟೀಚರಬಾಯಿ, ನಾ ಖೊಟ್ಟಿ ಮಾಲ ಕೊಡಾಂವಲ್ರಿ. ಬೇಕಾದ್ರ ನಿಮ್ಮ ಮುಂದನ ಬಗ್ಗಸಿ ತೋರಸ್ತೀನಿ.”

ನನ್ನ ಮೇಲಿನ ಮಾತನ್ನು ನಾನು ಹೊರಬಲ್ಲೆ. ಅವರ ಮೇಲೆ ಅದನ್ನು ಹೊರಿಸಿ ಕೂಡಲಾರೆ. ಹಣಮಂತ ಅಲ್ಲಿಯೇ ಇದ್ದ. ಹೇಳಿದೆ — ಮರದಲ್ಲಿ ಹುಳುಕಿಲ್ಲ. ಬಿಲ್ಲು ಮೂವತ್ತು ಪೌಂಡಿನದು. ನಿನ್ನ ಹೆಗಲ ನೋವು ನೋಡಲಾರದೆ ಕೆರೆದವಳು ನಾನು.

ಚಾಂದಸಾಬರು ಮೂಕಿಯನ್ನು ಗೋಡೆಗೆ ಒರಗಿಸಿ, ಚಹಾಕ್ಕೂ ನಿಲ್ಲದೆ ಹೊರಟರು. ಹಣಮಂತ ದನಿ ಏರಿಸಲಿಲ್ಲ.

“ಮೂವತ್ತ ಅಂತ ಗೊತ್ತಿದ್ರ ಗುರಿಗಿಂತ ಎತ್ತರ ಹಿಡೀತಿದ್ನಲ್ಲಕ್ಕಾ. ನಲವತ್ತರ ಅಂದಾಜಿಲೆ ಹಿಡದೆ. ಬಾಣ ಎಲ್ಲಾ ಹುಲ್ಲಿಗೆ ಕೆಡವಿದಾಕಿ ನೀನ.”

 

೨೨ ಫೆಬ್ರವರಿ, ಭಾನುವಾರ, ಬೆಳಗ್ಗೆ

ವಾರವಿಡೀ ಮಾತಿಲ್ಲ. ಉಪ್ಪು ಬೇಕಾದರೂ ಭಾಗವ್ವನ ಮೂಲಕ. ಇಂದು ತಾನಾಗಿಯೇ ಬಾಲ್ಕನಿಗೆ ಬಂದ. ಬಿಲ್ಲನ್ನು ಜೋಡಿಸಿ ಹಲಗೆಯ ಮುಂದೆ ತೂಗುಹಾಕಿದ. ಗಾಜಿನ ಚೂರನ್ನು ನನ್ನ ಕೈಗಿಟ್ಟ. ಇನ್ನಷ್ಟು ಕೆರೆ ಎಂದ. ನನಗೆ ಅರ್ಥವಾಗಲಿಲ್ಲ. ರಸ್ತೆಯ ಕಡೆ ನೋಡುತ್ತ ಹೇಳಿದ —

“ಮೂವತ್ತೂ ಜಡ ಆಗ್ತೈತಿ. ನಾಕನೇ ಬಾಣಕ್ಕ ಕೈ ನಡಗತೈತಿ. ಅಕಿಗೂ ಹೇಳಿಲ್ಲ.”

ಒಳಗೆ ಭಾಗವ್ವನ ಪಾತ್ರೆಗಳ ಸದ್ದು ನಿಂತಿತು.

ಎಷ್ಟಕ್ಕೆ ಇಳಿಸಲಿ ಎಂದು ಕೇಳಿದೆ.

“ಗೊತ್ತಿಲ್ಲ. ನೀ ಕೆರಕೋತ ಹೋಗು, ನಾ ಎಳಕೋತ ಹೋಗ್ತೀನಿ. ತಕ್ಕಡಿ ಮಾತ್ರ ನಾ ನೋಡಾಂವ.”

ಮೇಲಿನ ತೋಳಿನಿಂದ ಒಂದಿಷ್ಟು, ಕೆಳಗಿನದರಿಂದ ಅಷ್ಟೇ. ಇಪ್ಪತ್ತೆಂಟು ಎಂದು ಓದಿದ. ಎಳೆದ, ಸಾಲದೆಂದು ತಲೆಯಾಡಿಸಿದ. ಮತ್ತೆ ಕೆರೆದೆ. ಇಪ್ಪತ್ತಾರು ಎಂದ. ಅವನು ಎಳೆಯುತ್ತಿರುವಾಗಲೇ ಇದನ್ನು ಬರೆಯುತ್ತಿದ್ದೇನೆ — ಮುಖ ನೋಡುತ್ತ ನಿಲ್ಲುವುದು ನನ್ನಿಂದಾಗದು. ಮೂರು ಸಲ ಎಳೆದು ಬಿಟ್ಟ. ಮೂರು ಸಲವೂ ಗಲ್ಲ ಮುಟ್ಟಿತು. ಈಗ ನಾಲ್ಕನೆಯದು. ಕೈ ನಡುಗಲಿಲ್ಲ, ಇಪ್ಪತ್ತಾರೇ ಇರಲಿ ಎಂದ.